ಕಮ್ಮಟದ ಕುಂದು, ಕೈಯ ಸವೆತ

ನಾಣ್ಯದ ಸ್ಥಿತಿಯನ್ನು ನಿರ್ಣಯಿಸುವುದೆಂದರೆ ಅದು ಎಷ್ಟು ಸವೆದಿದೆ ಎಂದು ನೋಡುವುದಷ್ಟೇ ಎಂಬ ಭಾವನೆ ಸಾಮಾನ್ಯವಾಗಿದ್ದರೂ, ಅದರ ಮೈಮೇಲಿನ ಕುಂದುಗಳಲ್ಲಿ ಹುಟ್ಟಿನಿಂದ ಬಂದವು ಯಾವುವು, ಬಳಕೆಯಿಂದ ಬಂದವು ಯಾವುವು ಎಂದು ಬೇರ್ಪಡಿಸುವುದೇ ಆ ಕೆಲಸದ ತಿರುಳು. ಈ ವಿವೇಚನೆಯನ್ನು ಕಲಿಯಲು ಗಜೇಂದ್ರಗಡ ಸೀಮೆಯ ಸೂಡಿಗಿಂತ ತಕ್ಕ ಊರು ಕನ್ನಡನಾಡಿನಲ್ಲಿ ವಿರಳ. ಇಂದು ಜೋಡು ಕಳಸದ ಗುಡಿಗೂ ನಾಗಕುಂಡಕ್ಕೂ ಹೆಸರಾಗಿರುವ ಸೂಡಿ, 11ನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಅರಸುಮನೆಯ ಅಕ್ಕಾದೇವಿ ಆಳಿದ ಕಿಸುಕಾಡು ಎಪ್ಪತ್ತರ ಮುಖ್ಯ ಪಟ್ಟಣವಾಗಿತ್ತು. ಲಕ್ಕುಂಡಿಯಂತೆ ಇಲ್ಲಿಯೂ ಆ ಮನೆತನದ ಒಂದು ಪ್ರಮುಖ ಕಮ್ಮಟ, ಅಂದರೆ ನಾಣ್ಯಗಳು ಅಚ್ಚಾಗುವ ಟಂಕಸಾಲೆ, ಇತ್ತು.

ಚಾಲುಕ್ಯರ ಚಿನ್ನದ ನಾಣ್ಯಗಳು ಅಗಲವಾದ, ತೆಳುವಾದ ಬಿಲ್ಲೆಗಳು. ಎರಡು ಅಚ್ಚುಗಳ ನಡುವೆ ಲೋಹವನ್ನಿಟ್ಟು ಒಂದೇ ಏಟಿಗೆ ಎರಡೂ ಮುಖಗಳನ್ನು ಮೂಡಿಸುವ ಬದಲು, ತುದಿಯಲ್ಲಿ ಚಿಹ್ನೆ ಕೊರೆದ ಚಿಕ್ಕ ಉಳಿಯಂಥ ಮುದ್ರೆಗಳನ್ನು ಒಂದರ ಪಕ್ಕದಲ್ಲಿ ಇನ್ನೊಂದರಂತೆ ಬಡಿಯಲಾಗುತ್ತಿತ್ತು: ಸಿಂಹಕ್ಕೊಂದು, ಕಮಲಕ್ಕೊಂದು, ಭರ್ಜಿಯ ಮೊನೆಗೊಂದು, ಕನ್ನಡದ ‘ಶ್ರೀ’ಗೊಂದು, ಒಂದನೆಯ ಸೋಮೇಶ್ವರನ ತ್ರೈಲೋಕ್ಯಮಲ್ಲನಂಥ ಬಿರುದಿಗೆ ಮತ್ತೊಂದು. ಅಕ್ಕಸಾಲೆಯ ಕೈ ಪ್ರತಿ ಏಟಿಗೂ ಒಂದೇ ಬಲದಿಂದ ಇಳಿಯುವುದು ಸಾಧ್ಯವಿರಲಿಲ್ಲವಾದ್ದರಿಂದ ಒಂದೇ ಬಿಲ್ಲೆಯಲ್ಲಿ ಸಿಂಹ ಆಳವಾಗಿ ಮೂಡಿ ಬಿರುದಿನ ಅಕ್ಷರ ಅರ್ಧಕ್ಕೇ ನಿಂತಿರಬಹುದು. ಹೊಸ ಏಟು ಪಕ್ಕದ ಹಳೆಯ ಮುದ್ರೆಯನ್ನು ಸೊಟ್ಟಗಾಗಿಸಿಯೂ ಇರಬಹುದು. ಇಂಥ ನಾಣ್ಯದಲ್ಲಿ ಓದಲಾಗದ ಅಕ್ಷರ ಕಂಡೊಡನೆ ಅದನ್ನು ಸವಕಲೆಂದು ಕೆಳಗಿನ ದರ್ಜೆಗೆ ತಳ್ಳುವುದು ಅನ್ಯಾಯ. ಸವೆತಕ್ಕೆ ಒಂದು ಕ್ರಮವಿದೆ: ಅದು ಮೊದಲು ಎತ್ತರದ ಭಾಗಗಳನ್ನು ತಿಂದು, ಅಂಚುಗಳನ್ನು ದುಂಡಗಾಗಿಸಿ, ಅಕ್ಕಪಕ್ಕದ ಗುರುತುಗಳನ್ನು ಹೆಚ್ಚುಕಡಿಮೆ ಸಮವಾಗಿ ನಯಗೊಳಿಸುತ್ತದೆ. ಸಿಂಹದ ಕೇಸರದ ಗೆರೆಗಳು ಚೂಪಾಗಿ ಉಳಿದಿರುವಾಗ ಅದರ ಮಗ್ಗುಲಿನ ಅಕ್ಷರ ಮಾತ್ರ ಮಾಸಿದ್ದರೆ ಅದು ಜನರ ಕೈ ಮಾಡಿದ ಕೆಲಸವಲ್ಲ, ಸುತ್ತಿಗೆ ಹಗುರಾಗಿ ಬಿದ್ದ ಗುರುತು.

ಆ ಕಾಲದ ಬಳಕೆದಾರರಿಗಾದರೋ ಚಿಹ್ನೆಯ ಸ್ಪಷ್ಟತೆಗಿಂತ ತೂಕ ಮತ್ತು ಬಣ್ಣ ಮುಖ್ಯವಾಗಿದ್ದವು. ಬಣ್ಣವೆಂದರೆ ಇಲ್ಲಿ ಒರೆಗಲ್ಲಿನ ಮೇಲೆ ಎಳೆದ ಗೆರೆಯಿಂದ ತಿಳಿಯುವ ಚಿನ್ನದ ಶುದ್ಧತೆ. ಗದ್ಯಾಣದ ಪೂರ್ಣ ತೂಕ 96 ಗ್ರೇನ್, ಅಂದರೆ ಸುಮಾರು 6.2 ಗ್ರಾಂ, ಪಣ ಅದರ ಹತ್ತನೆಯ ಒಂದು ಪಾಲು. ಒಂದು ಗುಲಗಂಜಿಯ ತೂಕ ಸುಮಾರು 1.8 ಗ್ರೇನ್ ಎಂದಿಟ್ಟುಕೊಂಡರೆ, ಗದ್ಯಾಣದಿಂದ ಅಷ್ಟು ಚಿನ್ನ ಸವೆದರೆ ಹೋಗುವುದು ಐವತ್ತರಲ್ಲಿ ಒಂದು ಪಾಲಾದರೆ, ಪಣದಿಂದ ಅಷ್ಟೇ ಹೋದರೆ ಐದರಲ್ಲಿ ಒಂದಕ್ಕೆ ಹತ್ತಿರದ ಪಾಲು ಹೋದಂತೆ. ನಾಣ್ಯ ವಿನಿಮಯವನ್ನೇ ಕಸುಬಾಗಿಸಿಕೊಂಡ ಚಿನಿವಾರನ ತಕ್ಕಡಿಗೆ ಈ ಕಾರಣದಿಂದ ಚಿಕ್ಕ ನಾಣ್ಯವೇ ಹೆಚ್ಚು ಎಚ್ಚರವನ್ನು ಬೇಡುವಂಥದು. ಬೆಳ್ಳಿ ರೂಪಾಯಿಯ ಕಾಲದಲ್ಲೂ ಇದೇ ನ್ಯಾಯ ಉಳಿದಿತ್ತು: 1906ರ ನಾಣ್ಯ ಕಾಯ್ದೆಯ ಪ್ರಕಾರ ರೂಪಾಯಿ ತನ್ನ ನಿಗದಿತ ತೂಕಕ್ಕಿಂತ ಶೇಕಡಾ 2ಕ್ಕಿಂತ ಹೆಚ್ಚು ಕಡಿಮೆಯಾದರೆ ಕಾನೂನಿನ ಚಲಾವಣೆಯ ಹಕ್ಕನ್ನು ಕಳೆದುಕೊಳ್ಳುತ್ತಿತ್ತು.

ಲೋಹದ ಬೆಲೆಗೂ ಮುಖಬೆಲೆಗೂ ನಂಟು ಕಡಿದ ಮೇಲೆ ತಕ್ಕಡಿಯ ಜಾಗಕ್ಕೆ ಭೂತಗನ್ನಡಿ ಬಂತು. ಸಂಗ್ರಾಹಕರ ಏಣಿಯಲ್ಲಿ ‘ಗುಡ್’ ಎಂಬುದು ಚಿತ್ರದ ಹೊರಗೆರೆಯಷ್ಟೇ ಉಳಿದ, ಬಹಳ ಸವೆದ ನಾಣ್ಯಕ್ಕೆ ಸಲ್ಲುವ ಹೆಸರು. ‘ಫೈನ್’, ‘ವೆರಿ ಫೈನ್’, ‘ಎಕ್ಸ್‌ಟ್ರೀಮ್ಲಿ ಫೈನ್’ ಅದಕ್ಕಿಂತ ಮೇಲಿನ ಮೆಟ್ಟಿಲುಗಳು. ಕೈಯಿಂದ ಕೈಗೆ ಹೋಗದೆ ಉಳಿದದ್ದು ‘ಅನ್‌ಸರ್ಕ್ಯುಲೇಟೆಡ್’. ವಿಲಿಯಂ ಶೆಲ್ಡನ್ 1949ರಲ್ಲಿ ಅಮೆರಿಕದ ಹಳೆಯ ತಾಮ್ರದ ಸೆಂಟುಗಳಿಗಾಗಿ ರೂಪಿಸಿದ 1ರಿಂದ 70ರವರೆಗಿನ ಅಂಕಪಟ್ಟಿ ಇಂದು ಎಲ್ಲ ಬಗೆಯ ನಾಣ್ಯಗಳಿಗೂ ಹಬ್ಬಿದೆಯಾದರೂ, ಪ್ರತಿ ಮುದ್ರೆಗೂ ತನ್ನದೇ ಹುಟ್ಟಿರುವ ಸೂಡಿಯ ಬಗೆಯ ಬಿಲ್ಲೆಯನ್ನು ಒಂದೇ ಅಂಕೆಯಲ್ಲಿ ಹಿಡಿಯಹೊರಟರೆ ಆ ಅಂಕೆ ಹೇಳುವುದಕ್ಕಿಂತ ಮುಚ್ಚಿಡುವುದೇ ಹೆಚ್ಚು. ನಾಣ್ಯವನ್ನು ಹುಣಸೆಹಣ್ಣಿನಿಂದಲೋ ಬೂದಿಯಿಂದಲೋ ತಿಕ್ಕಿ ಹೊಳಪಿಸುವ ರೂಢಿಯಂತೂ ನೋವು ತರುವಂಥದು. ಅಚ್ಚಿನಿಂದ ಬಂದ ಮೂಲ ಕಾಂತಿ ಒಮ್ಮೆ ಹೋದರೆ ಯಾವ ಉಪಾಯದಿಂದಲೂ ಮರಳುವುದಿಲ್ಲ.

ಸಂತೆಯ ಚಿಲ್ಲರೆಗೂ ಈ ವಿವೇಚನೆ ಸಲ್ಲುತ್ತದೆ. ಹತ್ತು ರೂಪಾಯಿಯ ನಾಣ್ಯಗಳಲ್ಲಿ ವಿನ್ಯಾಸ ಬೇರೆಯಾದುದನ್ನೇ ಖೊಟ್ಟಿತನದ ಗುರುತೆಂದು ತಿಳಿದು ಅಂಗಡಿಗಳಲ್ಲಿ ನಿರಾಕರಿಸುವುದು ಹೆಚ್ಚಿದಾಗ, ಅಂದಿನವರೆಗಿನ 14 ವಿನ್ಯಾಸಗಳೂ ಸಿಂಧುವೆಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಹೇಳಬೇಕಾಯಿತು. ಇದಕ್ಕಿಂತ ಸೂಕ್ಷ್ಮವಾದ ಪರೀಕ್ಷೆ 1980ರ ದಶಕದ ತಾಮ್ರ-ನಿಕ್ಕಲ್ ಮಿಶ್ರಲೋಹದ ಒಂದು ರೂಪಾಯಿಯಲ್ಲಿ ಎದುರಾಗುತ್ತದೆ. ಅದರ ಒಂದು ಮುಖದಲ್ಲಿ ಸಿಂಹಗಳ ಹಣೆ ಮತ್ತು ಎದೆ, ಇನ್ನೊಂದರಲ್ಲಿ ತೆನೆಯ ಕಾಳುಗಳು ಮೊದಲು ನುಣುಪಾಗುತ್ತವೆ. ಇಸವಿಯ ಕೆಳಗೆ ವಜ್ರದಾಕಾರವಿದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕೆಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ ಎಂಬುದು ಟಂಕಸಾಲೆಗಳ ಗುರುತಾದರೂ, ಆ ಏನೂ ಇಲ್ಲದಿರುವುದು ಕೋಲ್ಕತ್ತದ ರೂಢಿಯೋ ಅಥವಾ ಸಾವಿರ ಬೆರಳುಗಳು ಚುಕ್ಕೆಯನ್ನು ಅಳಿಸಿದ ಫಲವೋ ಎಂಬುದನ್ನು ಹೇಳಲು ಅದರ ಮೇಲಿನ ಇಸವಿಯ ಅಂಕೆಗಳನ್ನು ನೋಡಬೇಕು: ಅಂಕೆಗಳ ಅಂಚು ಇನ್ನೂ ಚೂಪಾಗಿದ್ದರೆ ಅಲ್ಲಿ ಗುರುತು ಮೊದಲಿನಿಂದಲೂ ಇರಲಿಲ್ಲ, ಅಂಕೆಗಳೂ ಕರಗಿ ಮೈಗೆ ಸೇರಿದ್ದರೆ ಆ ನಾಣ್ಯ ಯಾವ ಊರಿನದೆಂದು ನಿರ್ಣಯಿಸುವಂತಿಲ್ಲ.