ಒಲೆ ಹಚ್ಚದ ಊಟ, ಕೂಪರ್ ಕ್ರೀಕಿನ ದಂಡೆಯಲ್ಲಿ

ದಕ್ಷಿಣ ಆಸ್ಟ್ರೇಲಿಯದ ಲಿಂಡ್‌ಹರ್ಸ್ಟ್ ಎಂಬ ಪುಟ್ಟ ಊರನ್ನು ಬಿಟ್ಟರೆ ಇನಮಿಂಕಾ ಮುಟ್ಟಲು 450 ಕಿ.ಮೀ.ಗಿಂತ ಹೆಚ್ಚು ದೂರ ಸಾಗಬೇಕು. ನಡುವೆ ಒಂದು ಊರಿಲ್ಲ. ಚಹದಂಗಡಿಯ ಮಾತಂತೂ ಬೇಡ. ಸ್ಟ್ರೆಜ್ಲೆಕಿ ಟ್ರ್ಯಾಕ್ ಎಂಬ ಈ ದಾರಿಯ ಎರಡೂ ಬದಿಗೆ ಕೆಂಪು ಮರಳಿನ ದಿಬ್ಬಗಳು, ಕುರುಚಲು ಗಿಡಗಳು, ಮತ್ತೆ ದಿಬ್ಬಗಳು. ಆಸ್ಟ್ರೇಲಿಯನ್ನರು 'ಬುಷ್' ಎಂದಾಗ ಅದು ಪೊದೆಯೂ ಅಲ್ಲ, ಮಲೆನಾಡಿನಂಥ ಕಾಡೂ ಅಲ್ಲ. ಪೇಟೆಯ ಆಚೆಗಿನದೆಲ್ಲ ಬುಷ್.

ದಾರಿಯ ಕೊನೆಯಲ್ಲಿ ಸಿಗುವುದು ಕೂಪರ್ ಕ್ರೀಕ್. ಹೆಸರಿಗೆ ತೊರೆಯಾದರೂ ಅದು ವರ್ಷವಿಡೀ ಹರಿಯುವುದಿಲ್ಲ. ದೂರದ ಕ್ವೀನ್ಸ್‌ಲೆಂಡಿನಲ್ಲಿ ಮಳೆಯಾದರೆ ಇಲ್ಲಿಗೆ ಪ್ರವಾಹ ಬರುತ್ತದೆ. ಉಳಿದ ದಿನಗಳಲ್ಲಿ ಅದೊಂದು ಮಡುಗಳ ಸಾಲು. ಇನಮಿಂಕಾದ ಬಳಿಯ ಕಲ್ಯಮುರ್ರ ಮಡು ಬತ್ತುವುದೇ ಇಲ್ಲ. ದಂಡೆಯ ಕೂಲಿಬಾ ಮರಗಳ ಕೆಳಗೆ ಡೇರೆ ಹಾಕುವವರಿಗೆ ಬಿಳಿ ಕೊರೆಲಾ ಗಿಳಿಗಳ ಗದ್ದಲವೇ ಸುಪ್ರಭಾತ.

ಇಂಥ ಕಡೆ ಊಟದ್ದೇ ದೊಡ್ಡ ಪ್ರಶ್ನೆ. ಬಿಸಿಲು, ಗಾಳಿ ವಿಪರೀತವಾದ ದಿನಗಳಲ್ಲಿ ಆಸ್ಟ್ರೇಲಿಯದ ರಾಜ್ಯಗಳು 'ಟೋಟಲ್ ಫೈರ್ ಬ್ಯಾನ್' ಘೋಷಿಸುತ್ತವೆ. ಆ ದಿನ ಬಯಲಿನಲ್ಲಿ ಬೆಂಕಿ ಹಚ್ಚುವುದು ಅಪರಾಧ. ಹಲವೆಡೆ ಗ್ಯಾಸ್ ಸ್ಟೌವಿಗೂ ನಿರ್ಬಂಧ. ಬೆಂಕಿಗೆ ಅನುಮತಿ ಇರುವ ದಿನವೂ ಪಾತ್ರೆ ತಿಕ್ಕಲು ನೀರು ಬೇಕಲ್ಲ? ಹೊತ್ತು ತಂದ ನೀರು ಕುಡಿಯುವುದಕ್ಕೆ. ಹಾಗಾಗಿ ಅನುಭವಸ್ಥರು ಡಬ್ಬಿ ಆಹಾರವನ್ನೇ ನೆಚ್ಚುತ್ತಾರೆ.

ಡಬ್ಬಿಯ ಕಡಲೆಕಾಳು, ರಾಜ್ಮಾ, ಸಿಹಿಜೋಳ, ಬೀಟ್‌ರೂಟ್ ಬಿಲ್ಲೆ, ಟ್ಯೂನಾ ಮೀನು, ಪೀಚ್ ಹಣ್ಣು, ಜತೆಗೆ ಬಿಸ್ಕತ್ತು ಅಥವಾ ತೆಳುವಾದ ರೊಟ್ಟಿ. ಇಷ್ಟಿದ್ದರೆ ಮೂರು ದಿನ ಸಲೀಸಾಗಿ ಕಳೆಯುತ್ತದೆ. ಕಡಲೆಕಾಳು, ಜೋಳಗಳ ನೀರು ಬಸಿದು, ಈರುಳ್ಳಿ ಹೆಚ್ಚಿಹಾಕಿ, ನಿಂಬೆರಸ, ಮೆಣಸಿನಪುಡಿ ಬೆರೆಸಿದರೆ ಒಗ್ಗರಣೆಯಿಲ್ಲದ ಕೋಸಂಬರಿ ಸಿದ್ಧ. ಆಸ್ಟ್ರೇಲಿಯದಲ್ಲಿ ನೆಲೆಸಿದ ಕನ್ನಡಿಗರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅಲ್ಲಿನ ಭಾರತೀಯ ಅಂಗಡಿಗಳಲ್ಲಿ ತೆಳು ಅವಲಕ್ಕಿಯೂ ಸಿಗುವುದರಿಂದ ಮೊಸರಿಲ್ಲ ಎಂಬುದೊಂದೇ ಕೊರತೆ.

ಡಬ್ಬಿಯ ರಾಜ್ಮಾವನ್ನು ಬೇಯಿಸದೆ ತಿನ್ನಬಹುದೇ ಎಂಬ ಅನುಮಾನ ಸಹಜ. ಹಸಿ ರಾಜ್ಮಾ ನಿಜಕ್ಕೂ ಹೊಟ್ಟೆ ಕೆಡಿಸುವ ವಿಷ. ಆದರೆ ಡಬ್ಬಿಯನ್ನು ಮೊಹರು ಮಾಡಿದ ಮೇಲೆ ಒತ್ತಡದ ಉಗಿಯಲ್ಲಿ ಸುಮಾರು 121 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಪ್ರೆಷರ್ ಕುಕ್ಕರಿನದೇ ತತ್ತ್ವ. ಕಾಳು ಬೇಯುವುದು ಡಬ್ಬಿಯೊಳಗೇ. ಬರೀ 100 ಡಿಗ್ರಿಯ ಕುದಿಯುವ ನೀರಿಗೆ ಜಗ್ಗದ ಬಾಟುಲಿನಮ್ ಬ್ಯಾಕ್ಟೀರಿಯದ ಬೀಜಕಣಗಳೂ ಈ ಶಾಖಕ್ಕೆ ಸಾಯುತ್ತವೆ. ಡಬ್ಬಿ ಉಬ್ಬಿದ್ದರೆ ಮಾತ್ರ ಒಳಗೆ ಏನೋ ಬದುಕಿ ಅನಿಲ ಉತ್ಪಾದಿಸುತ್ತಿದೆ ಎಂದರ್ಥ. ರುಚಿ ನೋಡುವ ಸಾಹಸವೂ ಬೇಡ. ತೆರೆದ ಡಬ್ಬಿಗೆ ಈ ರಕ್ಷಣೆ ಇಲ್ಲ. 40 ಡಿಗ್ರಿ ಬಿಸಿಲಲ್ಲಿ ಅದು ಸಂಜೆಯವರೆಗೂ ಉಳಿಯದು. ಆದ್ದರಿಂದ ಒಂದೇ ಹೊತ್ತಿಗೆ ಮುಗಿಯುವ ಚಿಕ್ಕ ಡಬ್ಬಿಗಳೇ ಲೇಸು. ತೆರೆಯುವ ಸಾಧನವನ್ನು ಮರೆತು ಹೊರಟವರು ಇತಿಹಾಸದಿಂದ ಸಮಾಧಾನ ಪಡಬಹುದು: ಡಬ್ಬಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ದೊರೆತದ್ದು 1810ರಲ್ಲಿ, ಅದನ್ನು ತೆರೆಯುವ ಉಪಕರಣ ಬಂದದ್ದು 1850ರ ದಶಕದಲ್ಲಿ. ಅಲ್ಲಿಯವರೆಗೆ ಉಳಿ, ಸುತ್ತಿಗೆಯೇ ಗತಿ.

ಕೂಪರ್ ದಂಡೆಯಲ್ಲಿ ಊಟ ಮಾಡುವವರಿಗೆ ಇನ್ನೊಂದು ಕಥೆ ನೆನಪಾಗದೆ ಇರದು. 1860ರ ಆಗಸ್ಟ್ 20ರಂದು ರಾಬರ್ಟ್ ಓ'ಹಾರಾ ಬರ್ಕ್‌ನ ತಂಡ ಮೆಲ್ಬರ್ನಿನಿಂದ ಖಂಡದ ಉತ್ತರ ತೀರಕ್ಕೆ ಹೊರಟಿತು. ಸುಮಾರು 20 ಟನ್ ಸಾಮಾನು, ಊಟದ ಮೇಜು, ಚೀನಾದ ಜಾಗಟೆ, ಒಂಟೆಗಳಿಗೆಂದೇ 270 ಲೀಟರಿನಷ್ಟು ರಮ್! ಒಂಟೆಗಳನ್ನೂ ಅವುಗಳನ್ನು ನಡೆಸುವ ಆಳುಗಳನ್ನೂ ತಂದದ್ದು ಅಂದಿನ ಭಾರತದಿಂದ, ಕರಾಚಿಯ ಮೂಲಕ. ಅವರಲ್ಲಿ ಸಾಮ್ಲಾ ಎಂಬ ಹಿಂದೂ ಒಬ್ಬನಿದ್ದ. ತಂಡ ಕೊಟ್ಟ ಮಾಂಸ ಅವನ ಧರ್ಮಕ್ಕೆ ಒಗ್ಗಲಿಲ್ಲ. ಮೊದಲ ಕೆಲವೇ ದಿನಗಳಲ್ಲಿ ಅವನು ಕೆಲಸ ಬಿಟ್ಟು ಹಿಂದಿರುಗಿದ. ಅವನ ಅದೃಷ್ಟ ದೊಡ್ಡದು ಎನ್ನಬೇಕು.

ಡಿಸೆಂಬರ್ 16ರಂದು ಬರ್ಕ್, ವಿಲ್ಸ್, ಕಿಂಗ್, ಗ್ರೇ ನಾಲ್ವರೇ ಕೂಪರ್ ಬಿಡಾರದಿಂದ ಉತ್ತರಕ್ಕೆ ಹೋದರು. ಉಳಿದವರು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಕಾದು, 1861ರ ಏಪ್ರಿಲ್ 21ರ ಬೆಳಿಗ್ಗೆ ಕೂಲಿಬಾ ಮರವೊಂದರ ಬುಡದಲ್ಲಿ ಆಹಾರ ಹೂತು, 'ಅಗೆಯಿರಿ' ಎಂದು ಕಾಂಡದ ಮೇಲೆ ಕೆತ್ತಿ ಹೊರಟುಬಿಟ್ಟರು. ಅದೇ ಸಂಜೆ ಬರ್ಕ್, ವಿಲ್ಸ್, ಕಿಂಗ್ ಕಾಲೆಳೆಯುತ್ತ ಬಂದರು. ಗ್ರೇ ನಾಲ್ಕು ದಿನಗಳ ಹಿಂದೆ ತೀರಿಕೊಂಡಿದ್ದ. ಅಂತರ ಸುಮಾರು ಒಂಬತ್ತು ಗಂಟೆ!

ನೆಲದಡಿ ಹಿಟ್ಟು, ಅಕ್ಕಿ, ಓಟ್ಸ್, ಸಕ್ಕರೆ, ಒಣಮಾಂಸ ಸಿಕ್ಕಿತು. ಮೂವರೂ ಅದನ್ನು ತೆಗೆದುಕೊಂಡು ಬೇರೆ ದಾರಿ ಹಿಡಿದರು, ಆದರೆ ಮರದ ಮೇಲೆ ಹೊಸ ಗುರುತು ಮಾಡಲಿಲ್ಲ. ಮೇ 8ರಂದು ಹಳೆಯ ಸಂಗಡಿಗರು ಮರಳಿ ಬಂದು ನೋಡಿ, ಯಾರೂ ಬಂದಿಲ್ಲವೆಂದುಕೊಂಡು ಹೋದರು.

ಸುತ್ತಲೂ ಜನರಿರಲಿಲ್ಲವೆಂದಲ್ಲ. ಅದು ಯಂದ್ರುವಂಧ ಜನರ ನಾಡು. ಅವರು ಮೀನನ್ನೂ ನಾರ್ಡೂ ರೊಟ್ಟಿಯನ್ನೂ ಕೊಟ್ಟರು. ಬರ್ಕ್ ಒಮ್ಮೆ ಅವರ ತಲೆಯ ಮೇಲಿಂದ ಗುಂಡು ಹಾರಿಸಿ ಹೆದರಿಸಿದ. ಆಮೇಲೆ ಬಿಳಿಯರು ತಾವೇ ನಾರ್ಡೂ ಆರಿಸಿ ತಿನ್ನತೊಡಗಿದರು. ಹೊಟ್ಟೆ ತುಂಬುತ್ತಿತ್ತು, ಕಾಲಿನ ಶಕ್ತಿ ಕುಂದುತ್ತಿತ್ತು. ನಾರ್ಡೂ ಎಂದರೆ ಕನ್ನಡ ನಾಡಿನ ಗದ್ದೆಗಳಲ್ಲಿ ಕಾಣುವ, ನಾಲ್ಕು ದಳದ ಎಲೆಯ ಮಾರ್ಸಿಲಿಯ ಜರೀಗಿಡದ್ದೇ ಕುಲ. ಅದರಲ್ಲಿರುವ ಥಯಾಮಿನೇಸ್ ಎಂಬ ಕಿಣ್ವ ದೇಹದ ಬಿ-1 ಜೀವಸತ್ವವನ್ನು ನಾಶಪಡಿಸುತ್ತದೆ. ಯಂದ್ರುವಂಧ ಹೆಂಗಸರು ಅದನ್ನು ಧಾರಾಳ ನೀರು ಹಾಕಿ ಅರೆದು, ಬೂದಿಯಲ್ಲಿ ಸುಟ್ಟು ಸೌಮ್ಯಗೊಳಿಸುತ್ತಿದ್ದರು. ಆ ಕ್ರಮ ಗೊತ್ತಿಲ್ಲದವರಿಗೆ ಬೆರಿಬೆರಿ ತಗಲಿತೆಂಬ ವಿವರಣೆ 1994ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಬೆಂಕಿಯಿಲ್ಲದ ಊಟ ಎಲ್ಲಕ್ಕೂ ಸಲ್ಲದು ಎನ್ನಲು ಇದಕ್ಕಿಂತ ಕಠೋರ ಉದಾಹರಣೆ ಬೇಕಿಲ್ಲ.

ಜೂನ್ ಕೊನೆಯ ಹೊತ್ತಿಗೆ ವಿಲ್ಸ್, ಬರ್ಕ್ ಇಬ್ಬರೂ ಸತ್ತರು. ಕಿಂಗ್ ಮಾತ್ರ ಯಂದ್ರುವಂಧರ ಬಿಡಾರಕ್ಕೆ ಹೋದ. ಅವರು ಅವನನ್ನು ಕೂರಿಸಿಕೊಂಡು ಉಣಿಸಿದರು. ಸೆಪ್ಟೆಂಬರ್ 15ರಂದು ಆಲ್‌ಫ್ರೆಡ್ ಹೌವಿಟ್‌ನ ಶೋಧ ತಂಡಕ್ಕೆ ಅವನು ಜೀವಂತ ಸಿಕ್ಕ.

ಬರ್ಕ್‌ನ ಸ್ಮಾರಕ ಇನಮಿಂಕಾದ ಮೇಲ್ಹರಿವಿನಲ್ಲಿ, ಕಲ್ಯಮುರ್ರದ ಹಾದಿಯಲ್ಲೇ ಇದೆ, ವಿಲ್ಸ್‌ನದು ಕೆಳಹರಿವಿನಲ್ಲಿ. ಆ ಕೂಲಿಬಾ ಮರ ಗಡಿಯಾಚೆ ಕ್ವೀನ್ಸ್‌ಲೆಂಡಿನ ನಪ್ಪಾ ಮೆರ್ರಿ ಪಶುಕ್ಷೇತ್ರದಲ್ಲಿ ಇಂದಿಗೂ ನಿಂತಿದೆ. ಕೆತ್ತನೆಯ ಮೇಲೆ ತೊಗಟೆ ಬೆಳೆದು ಅಕ್ಷರ ಮುಚ್ಚಿಹೋಗಿದೆ. ಪ್ರವಾಸಿಗರು ನೆರಳಲ್ಲಿ ಕುಳಿತು ಪೀಚ್ ಡಬ್ಬಿ ತೆರೆಯುತ್ತಾರೆ, ರಸವನ್ನೂ ಬಿಡದೆ ಕುಡಿಯುತ್ತಾರೆ. ಖಾಲಿ ಡಬ್ಬಿಗಳನ್ನು ತುಳಿದು ಚಪ್ಪಟೆ ಮಾಡಿ ಚೀಲಕ್ಕೆ ತುಂಬಿಕೊಂಡೇ ಏಳುತ್ತಾರೆ. ಇಲ್ಲಿ ಏನನ್ನೂ ಹೂಳುವ ಹಾಗಿಲ್ಲ.