ಚಪ್ಪಟೆ ಮೂತಿಯ ಗುಂಡು

ಟೆಕ್ಸಾಸಿನಲ್ಲಿ ನಾವಿದ್ದಾಗ ನೆರೆಮನೆಯ ಅಜ್ಜ ತಮ್ಮ ಹಿರಿಯರ ವಿಂಚೆಸ್ಟರ್ ಬಂದೂಕಿಗೆ ತಾವೇ ತೋಟಾ ತಯಾರಿಸುತ್ತಿದ್ದರು. ಅದು 1873ರ ಮಾದರಿ. ಲಿವರ್ ಎಳೆದಂತೆಲ್ಲ ಹೊಸ ತೋಟಾ ಮೇಲೇರುತ್ತದೆ. ಕಪ್ಪುಮದ್ದಿನ ಕಾಲದ ಲೋಹ ಇಂದಿನ ಬಿರುಸು ಮದ್ದನ್ನು ತಾಳದೆಂದು ಪ್ರತಿಯೊಂದಕ್ಕೂ ಮದ್ದು ತೂಗಿ ತುಂಬುತ್ತಿದ್ದರು.

"ಗುಂಡಿನ ಮೂತಿ ಚಪ್ಪಟೆಯೇಕೆ?" ಎಂದೆವು. ಅಜ್ಜ ನಳಿಗೆಯಡಿಯ ಕೊಳವೆ ತೋರಿಸಿದರು. ತೋಟಾಗಳು ಅಲ್ಲಿ ಒಂದರ ಹಿಂದೊಂದು ಮಲಗುತ್ತವೆ. ಹಿಂದಿನದರ ಮೂತಿ ಮುಂದಿನದರ ಬೆನ್ನಿಗಿರುವ, ಕಿಡಿ ಹೊತ್ತಿಸುವ ಬಿಲ್ಲೆಗೆ ತಾಗಿರುತ್ತದೆ. ಮೂತಿ ಚೂಪಾಗಿದ್ದರೆ ಒಂದು ಕುಲುಕಿಗೆ ಬಂದೂಕಿನೊಳಗೇ ಸಿಡಿದೀತು.

ಆ ಬೆಳಿಗ್ಗೆಯಷ್ಟೇ ಆಸ್ತಿಯ ವಿಷಯಕ್ಕೆ ಊರಿನಲ್ಲಿದ್ದ ತಮ್ಮನಿಗೆ ಫೋನಿನಲ್ಲಿ ಚೂಪಾದ ಮಾತಾಡಿದ್ದೆವು. ಒಂದೇ ಮನೆಯವರು ನಾವೂ ಹೀಗೇ ಒಬ್ಬರ ಬೆನ್ನಿಗೊಬ್ಬರು ತಾಗಿ ಬದುಕುವವರಲ್ಲವೇ? ಮನೆಗೆ ಬಂದವರೇ ಮತ್ತೆ ಫೋನು ಹಚ್ಚಿದೆವು.