ಕೊಟ್ಟಿಗೆ ಜೇನುಮನೆಯಾದದ್ದು

ಊರಿನಲ್ಲಿ ಕೊಟ್ಟಿಗೆ ರಿಪೇರಿ ಮಾಡಿಸಿದೆವು ಎಂದು ಮಿಯಾಪುರದಲ್ಲಿ ಹೇಳಿದರೆ, ಎಷ್ಟು ದನಗಳಿವೆ ಎಂಬುದೇ ಕೇಳುವವರ ಮೊದಲ ಪ್ರಶ್ನೆ. ದನ ಒಂದೂ ಇಲ್ಲ. ಅಜ್ಜನ ಕಾಲಕ್ಕೆ ಹನ್ನೆರಡಿದ್ದವು, ಅಪ್ಪಯ್ಯನ ಕಾಲಕ್ಕೆ ಐದಾದವು, ಅಣ್ಣಯ್ಯನ ಕಾಲಕ್ಕೆ ಎರಡು. ಆಮೇಲೆ ಹುಲ್ಲು ಕೊಯ್ಯಲು ಆಳು ಸಿಗದೆ ಅವೂ ಹೋದವು. ಶಿರಸಿಯಿಂದ ಒಳಗೆ ಹದಿನೈದು ಕಿಲೋಮೀಟರ್ ದೂರದ ನಮ್ಮ ಮನೆಯ ಹಿಂದೆ, ಚಿರೆಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಆ ಕೊಟ್ಟಿಗೆ ಹತ್ತು ವರ್ಷದಿಂದ ಹಳೆ ಸಾಮಾನಿನ ಗೋದಾಮಾಗಿ ನಿಂತಿತ್ತು.

ಅಡಿಕೆಗೆ ಎಲೆಚುಕ್ಕೆ ರೋಗ ಬಂದದ್ದನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ತೋಟದಲ್ಲೂ ಎರಡು ವರ್ಷ ಫಸಲು ಅರ್ಧಕ್ಕಿಳಿಯಿತು. ಅಣ್ಣಯ್ಯ ತೋಟವನ್ನು ಗುತ್ತಿಗೆಗೆ ಕೊಟ್ಟು ಶಿರಸಿ ಪೇಟೆಯಲ್ಲಿ ಬಾಡಿಗೆ ಮನೆ ಹಿಡಿಯುವ ಮಾತಾಡತೊಡಗಿದ. ಆಯಿಗೆ ಎಂಬತ್ತೊಂದು ವರ್ಷ. ಪೇಟೆಯ ಎರಡು ಕೋಣೆಯ ಮನೆಯಲ್ಲಿ ಅವಳನ್ನು ಕೂರಿಸುವ ಚಿತ್ರ ನನ್ನ ಕಣ್ಣಿಗೆ ಕಟ್ಟಲೇ ಇಲ್ಲ. ಆಗ ದಾರಿ ತೋರಿಸಿದವಳು ಅತ್ತಿಗೆ. ಅವಳು ಸಾಕಿದ ತುಡುವೆ ಜೇನಿನ ಪೆಟ್ಟಿಗೆಗಳು ಅಷ್ಟರಲ್ಲಿ ಅರವತ್ತಾಗಿದ್ದವು. ಪೆಟ್ಟಿಗೆಗೆ ಆರೇಳು ಕಿಲೋದಂತೆ ವರ್ಷಕ್ಕೆ ಸುಮಾರು ನಾನೂರು ಕಿಲೋ ತುಪ್ಪ ಬರುತ್ತಿತ್ತು. ಅದನ್ನು ಜಗಲಿಯ ಮೇಲೆ ಯಂತ್ರ ಇಟ್ಟು ತೆಗೆದು, ಕ್ಯಾನಿಗೆ ತುಂಬಿ, ಮನೆ ಬಾಗಿಲಿಗೆ ಬಂದವನು ಹೇಳಿದ ದರಕ್ಕೆ ಕೊಡುತ್ತಿದ್ದರು. "ಇದನ್ನೇ ಸರಿಯಾಗಿ ಸೋಸಿ ಬಾಟ್ಲಿ ಮಾಡಿದ್ರೆ ಮನೆ ಖರ್ಚು ಹೋಗ್ತು. ಒಂದು ಜಾಗ ಮಾಡಿಕೊಡಿ ಸಾಕು" ಎಂದಳು.

ಜಾಗವೆಂದರೆ ಕೊಟ್ಟಿಗೆ. ಹಣವೆಂದರೆ ನಾನು. ನಮ್ಮ ಕಚೇರಿಯ ಪತ್ತಿನ ಸಂಘದಲ್ಲಿ ಸಾಲ ಎತ್ತಿ ಒಟ್ಟು ಮೂರೂವರೆ ಲಕ್ಷ ಹೊಂದಿಸಿದೆ. ನನ್ನ ಹೆಂಡತಿ ಒಂದೇ ಮಾತು ಕೇಳಿದಳು: "ಇದು ವಾಪಸು ಬರುವ ಹಣವೋ, ಕೊಟ್ಟ ಹಣವೋ?" ಮಿಯಾಪುರದ ಬಾಡಿಗೆ ಮನೆಯಲ್ಲಿ ಹದಿನಾಲ್ಕು ವರ್ಷ ಕಳೆದವಳು ಕೇಳಬೇಕಾದ ಪ್ರಶ್ನೆಯೇ ಅದು. ಕೊಟ್ಟ ಹಣ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಲೆಕ್ಕ ಕೇಳಬೇಡಿ" ಎಂದಳು.

ವ್ಯವಹಾರವೆಲ್ಲ ಅತ್ತಿಗೆಯ ಹೆಸರಿನಲ್ಲಿಯೇ. ೧೯೬೪ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳ ಪ್ರಕಾರ ಅನುಮತಿಯಿಲ್ಲದೆ ಸರಕಾರಿ ನೌಕರ ವ್ಯಾಪಾರ ಮಾಡುವಂತಿಲ್ಲ. ಕುಟುಂಬದವರ ವ್ಯಾಪಾರಕ್ಕೆ ಗಿರಾಕಿ ಹುಡುಕಿಕೊಡುವುದನ್ನೂ ಆ ನಿಯಮಗಳು ಮೆಚ್ಚುವುದಿಲ್ಲ. ಆದ್ದರಿಂದ ಇದನ್ನು ಓದಿದವರು ಜೇನುತುಪ್ಪ ಬೇಕೆಂದು ದಯವಿಟ್ಟು ನನ್ನನ್ನು ಕೇಳಬಾರದು. ಸಹಾಯಧನಕ್ಕೂ ಅತ್ತಿಗೆ ಅರ್ಜಿ ಹಾಕಿದ್ದಾಳೆ. ಕಡತವು ಕಡತದ ವೇಗದಲ್ಲಿಯೇ ಚಲಿಸುತ್ತದೆ. ಇಪ್ಪತ್ತು ವರ್ಷದಿಂದ ಗುಮಾಸ್ತನಾಗಿರುವ ನಾನು ಅದಕ್ಕೆ ಬೇಸರಪಡುವುದು ಶೋಭಿಸದು.

ಇನ್ನು ಕಟ್ಟಡದ ವಿಷಯ. ಜೇನುತುಪ್ಪಕ್ಕೆ ಎರಡು ಗುಣಗಳಿವೆ. ಸುತ್ತಲಿನ ಗಾಳಿಯ ತೇವವನ್ನು ಅದು ಹೀರಿಕೊಳ್ಳುತ್ತದೆ, ವಾಸನೆಯನ್ನೂ ಹಿಡಿಯುತ್ತದೆ. ನಮ್ಮದೋ ಮಳೆಯ ಸೀಮೆ, ಮೇಲಾಗಿ ಸೆಗಣಿ ಗಂಜಳ ಕುಡಿದ ನೆಲ. ಮೇಸ್ತ್ರಿ ಹಳೆಯ ನೆಲದ ಮೇಲೆಯೇ ಟೈಲ್ಸು ಕೂರಿಸುತ್ತೇನೆಂದ. ಅಣ್ಣಯ್ಯ ಒಪ್ಪಲಿಲ್ಲ. ಒಂದೂವರೆ ಅಡಿ ಮಣ್ಣು ಅಗೆದು ತೋಟಕ್ಕೆ ಹಾಕಿಸಿದ (ಅಡಿಕೆ ಮರಗಳಿಗೆ ಅಂಥ ಗೊಬ್ಬರ ಇತ್ತೀಚೆಗೆ ಸಿಕ್ಕಿರಲಿಕ್ಕಿಲ್ಲ). ಆಮೇಲೆ ಜಲ್ಲಿ, ಪ್ಲಾಸ್ಟಿಕ್ ಹಾಳೆ, ಕಾಂಕ್ರೀಟು, ಅದರ ಮೇಲೆ ಟೈಲ್ಸು. ತೊಳೆದ ನೀರು ನಿಲ್ಲದಂತೆ ಒಂದು ಮೂಲೆಗೆ ಇಳಿಜಾರು ಕೊಡಿಸಿದೆವು. ಒಂದು ಲೀಟರ್ ಜೇನುತುಪ್ಪ ಸುಮಾರು ಒಂದು ಕಿಲೋ ನಾನೂರು ಗ್ರಾಂ ತೂಗುತ್ತದೆ. ತುಂಬಿದ ಟ್ಯಾಂಕಿಯ ಕಾಲು ನೆಲದಲ್ಲಿ ಹೂತುಹೋಗದಿರಬೇಕಲ್ಲ.

ಇಪ್ಪತ್ತನಾಲ್ಕು ಅಡಿ ಉದ್ದದ ಕೊಟ್ಟಿಗೆ ಸಾಲದೆ ತೋಟದ ಕಡೆಗೆ ಹತ್ತು ಅಡಿ ಮುಂದಕ್ಕೆ ಎಳೆದೆವು. ಒಂದು ಕಡೆಯಿಂದ ಎರಿ ಒಳಗೆ ಬರಬೇಕು, ಇನ್ನೊಂದು ಕಡೆಯಿಂದ ಬಾಟ್ಲಿ ಹೊರಗೆ ಹೋಗಬೇಕು, ನಡುವೆ ಎರಡೂ ಎದುರಾಗಬಾರದು. ಹೆಂಚಿನ ಅಡಿಗೆ ಒಂದು ಮಾಡು ಕೂರಿಸಿದೆವು, ಕಿಟಕಿಗಳಿಗೆ ಸಣ್ಣ ಕಣ್ಣಿನ ಸ್ಟೀಲು ಜಾಲರಿ, ಬಾಗಿಲು ಒಂದರ ಹಿಂದೆ ಒಂದರಂತೆ ಎರಡು. ಎರಡೇಕೆಂದು ಮೇಸ್ತ್ರಿ ನಕ್ಕ. ತುಪ್ಪ ತೆಗೆಯುವ ದಿನ ವಾಸನೆ ಹಿಡಿದು ಸಾವಿರಾರು ಹುಳುಗಳು ಬಾಗಿಲಿಗೆ ಮುತ್ತಿದ್ದನ್ನು ಕಂಡ ಮೇಲೆ ನಗಲಿಲ್ಲ.

ಕೆಲಸ ಸುರುವಾಗುವ ಮೊದಲು ಕೊಟ್ಟಿಗೆಯ ಅಟ್ಟ ಖಾಲಿ ಮಾಡಬೇಕಿತ್ತು. ಅಲ್ಲಿದ್ದವು ಅಪ್ಪಯ್ಯನ ಪೆಟ್ಟಿಗೆಗಳು.

ನಮ್ಮ ಕಡೆಯ ತುಡುವೆ ಪೆಟ್ಟಿಗೆ ಬಹುತೇಕ ನ್ಯೂಟನ್ ಮಾದರಿಯದು. ೧೯೧೦ರ ದಶಕದಲ್ಲಿ ತಿರುಚಿರಾಪಳ್ಳಿಯ ಕಡೆ ಇದ್ದ ಫಾದರ್ ನ್ಯೂಟನ್ ಎಂಬ ಪಾದ್ರಿ ನಮ್ಮ ಚಿಕ್ಕ ಹುಳಕ್ಕೆ ಹೊಂದುವಂತೆ ಮಾಡಿದ್ದು. ಅಪ್ಪಯ್ಯನ ಬಳಿ ಅಂಥವು ಮೂವತ್ತೆಂಟು ಇದ್ದವು, ಒಂದೊಂದಕ್ಕೂ ಬಿಳಿ ಪೇಂಟಿನಲ್ಲಿ ನಂಬರು. ೧೯೯೧-೯೨ರಲ್ಲಿ ದಕ್ಷಿಣ ಭಾರತಕ್ಕೆಲ್ಲ ಥಾಯ್ ಸ್ಯಾಕ್ ಬ್ರೂಡ್ ಎಂಬ ವೈರಸ್ ರೋಗ ಹಬ್ಬಿತು. ೧೯೭೬ರಲ್ಲಿ ಥಾಯ್ಲೆಂಡಿನಲ್ಲಿ ಗುರುತಿಸಿದ್ದರಿಂದ ಆ ಹೆಸರು. ಮರಿಗಳು ಕೋಶದಲ್ಲಿಯೇ ಸತ್ತು ನೀರು ತುಂಬಿದ ಸಣ್ಣ ಚೀಲದಂತಾಗುತ್ತವೆ. ದೊಡ್ಡ ಹುಳುಗಳು ಗೂಡು ಬಿಟ್ಟು ಹೋಗುತ್ತವೆ. ಸಾಕಿದ ತುಡುವೆ ಕುಟುಂಬಗಳಲ್ಲಿ ನೂರಕ್ಕೆ ೯೦ಕ್ಕಿಂತ ಹೆಚ್ಚು ಆಗ ನಾಶವಾದವು. ಕೊಡಗು, ದಕ್ಷಿಣ ಕನ್ನಡ, ನಮ್ಮ ಜಿಲ್ಲೆ ಯಾವುದನ್ನೂ ಬಿಡಲಿಲ್ಲ. ನಾನಾಗ ಆರನೆಯ ಇಯತ್ತೆ. ಶಾಲೆಯಿಂದ ಬರುವಾಗ ಅಪ್ಪಯ್ಯ ತೋಟದಲ್ಲಿ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿ, ಮುಂದಿನದಕ್ಕೆ ಹೋಗುತ್ತಿದ್ದದ್ದು ನೆನಪಿದೆ. ಮಾತಿಲ್ಲ. ಒಂದೇ ವರ್ಷದಲ್ಲಿ ಮೂವತ್ತೆಂಟೂ ಖಾಲಿಯಾದವು. ಅವನ್ನು ಅಟ್ಟಕ್ಕೆ ಏರಿಸಿದ ಅಪ್ಪಯ್ಯ ೨೦೧೧ರಲ್ಲಿ ತೀರಿಕೊಳ್ಳುವವರೆಗೆ ಮತ್ತೆ ಜೇನು ಮುಟ್ಟಲಿಲ್ಲ. ಕಾಡಿನಲ್ಲಿ ಉಳಿದ ಹುಳುಗಳಿಂದ ಕುಲ ನಿಧಾನವಾಗಿ ಚೇತರಿಸಿತು. ಅತ್ತಿಗೆ ಹೊಸ ಪೆಟ್ಟಿಗೆಗಳಲ್ಲಿ ಸುರುಮಾಡಿದ್ದು ೨೦೧೪ರಲ್ಲಿ.

ಹಳೆಯವನ್ನು ಸುಟ್ಟುಬಿಡೋಣ ಎಂದ ಅಣ್ಣಯ್ಯ. ಅವನಿಗೆ ಅವುಗಳ ಮೇಲೆ ಒಂಥರಾ ಭಯ. ನಾನು ಓದಿದ ಬಿ.ಎಸ್ಸಿ. ಹೇಳುವುದೇನೆಂದರೆ, ವೈರಸ್ಸು ಒಣ ಮರದಲ್ಲಿ ಮೂವತ್ತು ವರ್ಷ ಕಾದು ಕೂರುವಂಥದ್ದಲ್ಲ. ಆದರೂ ಅವನ ಭಯಕ್ಕೆ ನನ್ನ ಡಿಗ್ರಿ ಉತ್ತರವಾಗಲಿಲ್ಲ. ಜಗಲಿಯ ತುದಿಯಲ್ಲಿ ಕೂತು ಕೇಳುತ್ತಿದ್ದ ಆಯಿ, "ಹುಳ ಸತ್ತದ್ದಕ್ಕೆ ಪೆಟ್ಟಿಗೆ ಎಂತ ಮಾಡಿತ್ತು? ಹಲಸಿನ ಹಲಗೆ ಅದು" ಎಂದಳು. ಅಷ್ಟೇ. ಹುಳು ಹಿಡಿದ ಹನ್ನೊಂದನ್ನು ಒಲೆಗೆ ಹಾಕಿ, ಉಳಿದ ಇಪ್ಪತ್ತೇಳನ್ನು ಕೆರೆದು ತೊಳೆದು, ಒಳಗೆಲ್ಲ ಬೆಂಕಿಯ ಜ್ವಾಲೆ ತಾಗಿಸಿ, ಎಂಟು ದಿನ ಬಿಸಿಲಿಗಿಟ್ಟೆವು. ಪೇಂಟಿನ ನಂಬರುಗಳನ್ನು ಅಣ್ಣಯ್ಯ ಕೆರೆಯಲಿಲ್ಲ. ಅತ್ತಿಗೆಯ ಪೆಟ್ಟಿಗೆಗಳಿಗೆ ಅದುವರೆಗೆ ನಂಬರೇ ಇರಲಿಲ್ಲ. ಈಗ ಅವಕ್ಕೆ ೩೯ರಿಂದ ಬರೆದಿದ್ದಾನೆ.

ಸಂಸ್ಕರಣೆ ಎಂಬ ದೊಡ್ಡ ಮಾತಿಗೆ ಹೆದರಬೇಕಾದ್ದಿಲ್ಲ. ತುಪ್ಪದಲ್ಲಿ ನೀರಿನಂಶ ನೂರಕ್ಕೆ ೨೦ ಮೀರಬಾರದೆಂದು ನಮ್ಮ ದೇಶದ ಆಹಾರ ನಿಯಮ. ಘಟ್ಟದ ತುಡುವೆ ತುಪ್ಪ ಸ್ವಭಾವತಃ ತೆಳು. ಕೋಶಗಳಲ್ಲಿ ಮುಕ್ಕಾಲು ಪಾಲಿಗೆ ಹುಳುಗಳು ಮೇಣದ ಮುಚ್ಚಳ ಹಾಕಿದ ಮೇಲೆಯೇ ತೆಗೆದರೂ ನಮ್ಮಲ್ಲಿ ೨೨, ೨೩ ತೋರಿಸುತ್ತದೆ. ನೀರು ಹೆಚ್ಚಿದ್ದರೆ ಈಸ್ಟು ಬೆಳೆದು ತುಪ್ಪ ಹುಳಿಯುತ್ತದೆ. ಅದಕ್ಕೇ ಹೊಸ ಹತ್ತು ಅಡಿಯಲ್ಲಿ ಒಂದು ಬಿಗಿ ಕೋಣೆ. ಅಲ್ಲಿ ಗಾಳಿಯ ತೇವ ತೆಗೆಯುವ ಯಂತ್ರ, ಅಗಲವಾದ ಸ್ಟೀಲು ತಟ್ಟೆಗಳು. ಆಮೇಲೆ ಬಿಸಿನೀರಿನೊಳಗಿಟ್ಟ ಪಾತ್ರೆಯಲ್ಲಿ ೬೦ರಿಂದ ೬೫ ಡಿಗ್ರಿಗೆ ಹತ್ತು ನಿಮಿಷ ಕಾಯಿಸಿ, ಬೇಗ ಆರಿಸಿ, ಸೋಸುವುದು. ನೇರ ಬೆಂಕಿಗೆ ಇಡಬಾರದು. ಹೆಚ್ಚು ಕಾದರೆ ಎಚ್.ಎಂ.ಎಫ್. ಎಂಬ ವಸ್ತು ಏರುತ್ತದೆ. ಕಿಲೋಗೆ ೮೦ ಮಿಲಿಗ್ರಾಂ ಅದರ ಮಿತಿ.

ಇಲ್ಲಿಯ ನಮ್ಮ ತೆಲುಗು ನೆರೆಯವರೊಬ್ಬರು "ಒಳ್ಳೆ ತೇನೆಯಾದರೆ ಇರುವೆ ಮುಟ್ಟುವುದಿಲ್ಲ, ಗಟ್ಟಿಯಾಗುವುದಿಲ್ಲ" ಎನ್ನುತ್ತಾರೆ. ಎರಡೂ ನಿಜವಲ್ಲ. ತುಪ್ಪದಲ್ಲಿರುವ ಗ್ಲೂಕೋಸು ತಂಪಿಗೆ ಹರಳುಗಟ್ಟುವುದು ಅದರ ಸ್ವಭಾವ. ಬೆಚ್ಚಗಿನ ನೀರಲ್ಲಿ ಬಾಟ್ಲಿ ಇಟ್ಟರೆ ಕರಗುತ್ತದೆ. ಇರುವೆಗೆ ಶುದ್ಧ ಅಶುದ್ಧದ ಚಿಂತೆಯಿಲ್ಲ. ಕಲಬೆರಕೆಯನ್ನು ಪ್ರಯೋಗಾಲಯವೇ ಹಿಡಿಯಬೇಕು, ಅದಕ್ಕೂ ಕಷ್ಟ. ೨೦೨೦ರ ಡಿಸೆಂಬರಿನಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ಪರೀಕ್ಷೆಗಳಿಗೆ ಸಿಗದಂಥ ಸಕ್ಕರೆ ಪಾಕಗಳ ವಿಷಯ ಬಯಲಿಗೆ ತಂದಾಗ ಎಲ್ಲರಿಗೂ ಅದು ಗೊತ್ತಾಯಿತು.

ಮೊದಲ ಹಂಗಾಮಿನಲ್ಲಿ ಮುನ್ನೂರ ಎಪ್ಪತ್ತು ಕಿಲೋ ಬಾಟ್ಲಿಗೆ ಹೋಯಿತು. ಅದರಲ್ಲಿ ನೇರಳೆ ಹೂವಿನದು ಕೊಂಚ ಕಹಿಯೆಂದು ಮೂರು ಗಿರಾಕಿಗಳು ವಾಪಸು ತಂದರು. ಅತ್ತಿಗೆ ಹಣ ಕೊಟ್ಟು ತುಪ್ಪ ಇಟ್ಟುಕೊಂಡಳು. ಬಾಡಿಗೆ ಮನೆಯ ಮಾತನ್ನು ಅಣ್ಣಯ್ಯ ಈ ವರ್ಷ ಎತ್ತಿಲ್ಲ, ಬಿಟ್ಟಿದ್ದಾನೆ ಎಂದೂ ಹೇಳಿಲ್ಲ. ಎಲೆಚುಕ್ಕೆ ಹೋಗಿಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ಬಿಗಿ ಕೋಣೆಯ ಯಂತ್ರ ನಿಲ್ಲುತ್ತದೆ, ಅದಕ್ಕೊಂದು ಇನ್ವರ್ಟರು ಬೇಕಂತೆ. ಹೆಂಡತಿ ಲೆಕ್ಕ ಕೇಳಬೇಡಿ ಎಂದಿದ್ದಾಳೆ. ಕೊಡುವುದನ್ನು ನಿಲ್ಲಿಸಿ ಎಂದು ಇನ್ನೂ ಹೇಳಿಲ್ಲ.